ಗ್ರಾಮಸಭೆ ಸಂಜೆ ಆರಕ್ಕೆ ಯಾಕಾಗಬಾರದು?

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಿಂದ ಹಿಡಿದು ಮಳವಳ್ಳಿವರೆಗೆ, ಅರಳಿಕಟ್ಟೆಯಲ್ಲಿ ಕೂತರೆ ಕಿವಿಗೆ ಬೀಳುವ ದೂರುಗಳು ಹೆಚ್ಚೂಕಮ್ಮಿ ಒಂದೇ. ಚರಂಡಿ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ, ಮನೆ ಪಟ್ಟಿಯಲ್ಲಿ ಹೆಸರಿಲ್ಲ, ಇ-ಸ್ವತ್ತು ಆಗಿಲ್ಲ. 'ಗ್ರಾಮಸಭೇಲಿ ಕೇಳಿದ್ರಾ?' ಎಂದರೆ, 'ಅದ್ಯಾವಾಗ ನಡೀತು ಸಾರ್?' ಎಂದು ನಮ್ಮನ್ನೇ ಕೇಳುತ್ತಾರೆ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಮನೆ ಯಾರಿಗೆ, ಸೌಲಭ್ಯ ಯಾರಿಗೆ ಎಂಬ ಫಲಾನುಭವಿ ಪಟ್ಟಿ ಅಲ್ಲೇ ಆಗಬೇಕು. ಆದರೆ ಎಷ್ಟೋ ಕಡೆ ಸಭೆ ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಕಬ್ಬು ಕಡಿಯುವವರು ಗದ್ದೆಯಲ್ಲಿರುತ್ತಾರೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋಗಿರುತ್ತಾರೆ. ಹತ್ತಾರು ಜನ ಸೇರಿ, ಸಹಿ ಪುಸ್ತಕ ಮನೆಮನೆ ಸುತ್ತಿದರೆ ಕೋರಂ ಭರ್ತಿ.

ಇದನ್ನು ಸಣ್ಣ ವಿಷಯ ಅನ್ನುವಂತಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯದಾಗಿ ಮತ ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದು ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ, ಅಧಿಕಾರಿಗಳದ್ದೇ ಆಡಳಿತ. ಪ್ರಶ್ನೆ ಕೇಳಲು ಮೇಲಿನ ಎರಡೂ ಮೆಟ್ಟಿಲಲ್ಲಿ ನಮ್ಮ ಪ್ರತಿನಿಧಿ ಇಲ್ಲದಿರುವಾಗ, ಊರಿನ ಸಭೆಯನ್ನೂ ಕಳೆದುಕೊಂಡರೆ ಉಳಿಯುವುದೇನು?

ಇಂಗ್ಲೆಂಡಿನ ಹಳ್ಳಿಗಳನ್ನು ನೋಡಿ. 1894ರ ಕಾಯ್ದೆ ಅಲ್ಲಿ ಪ್ಯಾರಿಷ್ ಎಂಬ ಊರಾಡಳಿತವನ್ನು ಜನರ ಕೈಗೆ ಕೊಟ್ಟಿತು. ಕೌನ್ಸಿಲ್ ಇಲ್ಲದಷ್ಟು ಸಣ್ಣ ಊರಾದರೆ ಮತದಾರರೆಲ್ಲ ಸೇರುವ ಸಭೆಯೇ ಆಡಳಿತ. ಅದು ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ಇನ್ನೊಂದು ನಿಯಮವಿದೆ: ಪ್ಯಾರಿಷ್ ಸಭೆ ಸಂಜೆ ಆರಕ್ಕೆ ಮುಂಚೆ ಶುರುವಾಗುವಂತಿಲ್ಲ. ದುಡಿಯುವವರಿಗೆ ಆ ಹೊತ್ತೇ ಬಿಡುವು ಎಂಬುದು ಯಾರಿಗಾದರೂ ಅರ್ಥವಾಗುವ ಮಾತು.

ನಾವು ಕೇಳುವುದೂ ಇಷ್ಟೇ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಸಭೆ ಇಡಿ. ಕತ್ತಲಾದ ಮೇಲೆ ಹೆಂಗಸರು ಬರುವುದು ಕಷ್ಟ ಎನ್ನುವ ಮಾತಿದೆ, ನಿಜವೇ. ಅದಕ್ಕೇ ವಾರ್ಡ್ ಸಭೆಯನ್ನು ಅವರವರ ಬೀದಿಯಲ್ಲೇ, ಲೈಟ್ ಕಂಬದ ಕೆಳಗೆ ಮಾಡಿ. ಸಿಬ್ಬಂದಿಗೆ ತಡವಾಗುತ್ತದೆ ಎಂದರೆ ಮಾರನೇ ದಿನ ಬೆಳಿಗ್ಗೆ ಬಿಡುವು ಕೊಡಿ. ಸಭೆಯ ಮೊದಲ ಕೆಲಸ ಹೋದ ಸಲದ ನಡಾವಳಿ ಓದುವುದಾಗಲಿ: ಯಾವ ಕೆಲಸ ಆಯಿತು, ಯಾವುದು ಆಗಲಿಲ್ಲ, ದುಡ್ಡು ಎಲ್ಲಿ ಹೋಯಿತು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನಕ್ಕೆ ಕಾಯಬೇಕಿಲ್ಲ. ನಿಮ್ಮ ಪಂಚಾಯಿತಿಯ ಪಿಡಿಒಗೆ ಒಂದು ಅರ್ಜಿ ಬರೆಯಿರಿ, ಬೀದಿಯವರೆಲ್ಲ ಸಹಿ ಹಾಕಿ. ಸಹಿ ಪುಸ್ತಕ ಮನೆಗೆ ಬರುವ ಮುಂಚೆ ನಿಮ್ಮ ಸಹಿ ಪಂಚಾಯಿತಿಗೆ ಹೋಗಲಿ.