ಗೃಹವಿನೋದ: ಕಡಲ ಮರಳೂ ಮನೆಯ ಮೀನೂ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನುಗಳನ್ನು ಸಾಕುವವರು ಈಗ ನಮ್ಮಲ್ಲಿ ಬಹುಮಂದಿ ಇರುವರು. ಅವರಲ್ಲಿ ಕೆಲವರು ಪರದೇಶದ ಮೀನುಗಳನ್ನು ಬಿಟ್ಟು, ನಮ್ಮ ಹಳ್ಳಕೊಳ್ಳಗಳ ಮತ್ತು ಅಳಿವೆಗಳ ಮೀನುಗಳನ್ನೇ ಸಾಕಬೇಕೆಂದು ಅಪೇಕ್ಷಿಸುತ್ತಿರುವುದು ಸಂತೋಷದ ಸಂಗತಿ. ಇಂಥವರು ಕಡಲತೀರಕ್ಕೆ ಹೋದಾಗ ಅಲ್ಲಿಯ ನುಣ್ಣನೆಯ ಮರಳನ್ನು ಕಂಡು, ಇದನ್ನೇ ತೊಟ್ಟಿಯ ತಳಕ್ಕೆ ಹಾಸಿದರಾಗದೆ ಎಂದು ಯೋಚಿಸುವುದು ಸಹಜ. ನಾನೂ ಹಾಗೆಯೇ ಯೋಚಿಸಿದೆನು. ಅದರ ಫಲವನ್ನು ಮೊದಲು ನಿವೇದಿಸಿ, ಬಳಿಕ ವಿಷಯಕ್ಕೆ ಬರುವೆನು.

ಒಂದು ಬೇಸಗೆಯಲ್ಲಿ ನನ್ನ ಮೊಮ್ಮಗನು ಕರಾವಳಿಯ ನೆಂಟರ ಮನೆಯಿಂದ ಹಿಂದಿರುಗುವಾಗ ಒಂದು ಚೀಲ ಮರಳನ್ನು ಹೊತ್ತು ತಂದನು. ನಮ್ಮ ತೊಟ್ಟಿಯಲ್ಲಿ ಸಹ್ಯಾದ್ರಿಯ ತೊರೆಗಳ ಜಾತಿಯ ಆರು ಸಣ್ಣ ಮೀನುಗಳಿದ್ದುವು. ನಾನು ಹಳೆಯ ಜಲ್ಲಿಯನ್ನೆಲ್ಲ ತೆಗೆದುಹಾಕಿ, ಮರಳನ್ನು ಎರಡು ಸಲ ತೊಳೆದು, ಅದೇ ದಿನ ಹಾಸಿಬಿಟ್ಟೆನು. ನೋಟಕ್ಕೆ ಬಹು ಚೆನ್ನಾಗಿದ್ದಿತು. ಮೂರನೆಯ ದಿನ ಬೆಳಗ್ಗೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದುವು. ಸಂಜೆಯೊಳಗಾಗಿ ನಾಲ್ಕು ಸತ್ತುವು. “ಅಜ್ಜಾ, ಮರಳು ಚೆನ್ನಾಗಿಯೇ ಇತ್ತಲ್ಲ?” ಎಂದು ಹುಡುಗನು ಕೇಳಿದಾಗ, ಅಷ್ಟು ವರ್ಷ ಪಾಠ ಹೇಳಿದ ನನಗೆ ಉತ್ತರ ತೋರಲಿಲ್ಲ. ಉಳಿದೆರಡನ್ನು ಬೇರೆ ನೀರಿಗೆ ಬಿಟ್ಟು, ಕಾರಣವನ್ನು ಹುಡುಕತೊಡಗಿದೆನು.

ಮರಳೆಲ್ಲ ಒಂದೇ ಅಲ್ಲ. ನದಿಯ ಮರಳು ಬಹುಮಟ್ಟಿಗೆ ಕಲ್ಲಿನ ಪುಡಿ. ಕಡಲ ಮರಳಿನಲ್ಲಾದರೋ ಕಲ್ಲಿನೊಡನೆ ಚಿಪ್ಪುಗಳ ನುಚ್ಚೂ ಬೆರೆತಿರುವುದು. ಚಿಪ್ಪನ್ನು ಸುಟ್ಟರೆ ತಾಂಬೂಲದ ಸುಣ್ಣವಾಗುವುದೆಂಬುದನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಆ ಸುಣ್ಣದ ಅಂಶವು ನೀರಿನಲ್ಲಿ ಮೆಲ್ಲಮೆಲ್ಲನೆ ಕರಗಿ, ಮೆದು ನೀರನ್ನು ಗಡಸುಮಾಡಿ ಕ್ಷಾರದ ಕಡೆಗೆ ಒಯ್ಯುವುದು. ಮಲೆನಾಡಿನ ತೊರೆಗಳ ಮೀನಿಗೆ ಮೆದು ನೀರೇ ಹಿತ.

ಎರಡನೆಯ ಕಾರಣವು ಇದಕ್ಕಿಂತ ಘೋರವಾದುದು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷವು ಹುಟ್ಟುತ್ತಿರುವುದು. ಹಳೆಯ ಜಲ್ಲಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವುವು. ನಾನು ಜಲ್ಲಿಯೊಡನೆ ಆ ಸೇವಕರನ್ನೂ ಹೊರಗೆ ಚೆಲ್ಲಿದ್ದೆನು. ಸರಿಯಾಗಿ ತೊಳೆಯದ ಮರಳಿನೊಳಗಿನ ಸಣ್ಣ ಜೀವಿಗಳು ಸತ್ತು ಕೊಳೆತು, ವಿಷವನ್ನು ಹೆಚ್ಚಿಸಿದುವು. ಅಲ್ಲದೆ, ನೀರು ಕ್ಷಾರವಾದಷ್ಟೂ ಅಮೋನಿಯದ ವಿಷವು ತೀಕ್ಷ್ಣವಾಗುವುದು. ಹೀಗೆ ಒಂದು ತಪ್ಪು ಇನ್ನೊಂದಕ್ಕೆ ಕೈನೀಡಿತು.

ಆದುದರಿಂದ ಮರಳನ್ನು ಮೊದಲು ಪರೀಕ್ಷಿಸತಕ್ಕದ್ದು. ಒಣಗಿದ ಮರಳನ್ನು ಒಂದು ಚಮಚದಷ್ಟು ಬಟ್ಟಲಿನಲ್ಲಿಟ್ಟು, ಅಡಿಗೆಯ ವಿನೆಗರನ್ನಾಗಲಿ ನಿಂಬೆಯ ರಸವನ್ನಾಗಲಿ ಹನಿಸಿ ನೋಡಿರಿ. ಗುಳ್ಳೆಗಳೆದ್ದರೆ ಚಿಪ್ಪು ಇದೆ ಎಂದರ್ಥ. ಏಳದಿದ್ದರೆ ಅದನ್ನು ಜರಡಿಯಾಡಿ, ತಿಳಿನೀರು ಬರುವವರೆಗೂ ಕೈಯಾಡಿಸಿ ತೊಳೆಯಿರಿ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪಿರುವುದರಿಂದ, ಒಂದು ವಾರ ಸಿಹಿನೀರಿನಲ್ಲಿ ನೆನೆಯಿಟ್ಟು ದಿನವೂ ನೀರನ್ನು ಬದಲಾಯಿಸುವುದು ಲೇಸು. ಸಾಬೂನನ್ನು ಮುಟ್ಟಿಸಬಾರದು. ತೊಟ್ಟಿಯಲ್ಲಿ ಎರಡು ಬೆರಳಗಲದಷ್ಟು ದಪ್ಪಕ್ಕಿಂತ ಹೆಚ್ಚಾಗಿ ಹಾಸಬಾರದು; ಹಾಸಿದರೆ ಅಡಿಯಲ್ಲಿ ಗಾಳಿಯಾಡದೆ ಮರಳು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತದ ವಿಷವಾಯುವು ಹುಟ್ಟುವುದು. ಹಳೆಯ ತಳವನ್ನು ಒಮ್ಮೆಲೇ ತೆಗೆಯದೆ, ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸತಕ್ಕದ್ದು.

ಹಾಗಾದರೆ ಚಿಪ್ಪಿನ ಮರಳು ಯಾರಿಗೂ ಒಗ್ಗದೆ? ಒಗ್ಗುವುದು. ಹನ್ನೆರಡನೆಯ ಶತಮಾನದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಗಾಳ ಹಾಕಿ ಮೀನು ಹಿಡಿಯುವ ವಿನೋದವೇ ಅಲ್ಲಿಯ ವಿಷಯವಾದರೂ, ಕಡಲಿನವು, ನದಿಯವು ಎಂಬ ವಿವೇಕವು ಅಲ್ಲಿಯೂ ಕಾಣುವುದು. ಇವೆರಡರ ನಡುವೆ ಅಳಿವೆಯ ಮೀನುಗಳಿರುವುವು. ನಮ್ಮ ಕರಾವಳಿಯವರು ಕಾಗಳಸಿ ಎನ್ನುವ ಮೀನು ಈ ಬಗೆಯದು. ಆದರೆ ಅದು ಗೇಣುದ್ದಕ್ಕೂ ಮೀರಿ ಬೆಳೆಯುವುದರಿಂದ ಸಣ್ಣ ತೊಟ್ಟಿಗೆ ತಕ್ಕುದಲ್ಲ. ಅದರ ಜ್ಞಾತಿಯಾದ, ಮೂರು ಅಂಗುಲದ ಹೊನ್ನಬಣ್ಣದ ಆರೆಂಜ್ ಕ್ರೊಮೈಡ್ ಮೀನು ಮನೆಗೆ ಯೋಗ್ಯವಾದುದು. ಗಡಸು ನೀರನ್ನು ಅದು ಸುಖವಾಗಿ ಸಹಿಸುವುದು.

ಈ ಮೀನಿಗೆ ಮರಳು ಕೇವಲ ಅಲಂಕಾರವಲ್ಲ. ತಾಯಿತಂದೆಗಳೆರಡೂ ಸೇರಿ ಮೊಟ್ಟೆಗಳನ್ನು ಕಾಯ್ದು, ಮರಳಿನಲ್ಲಿ ಕುಳಿ ತೋಡಿ, ಮರಿಗಳನ್ನು ಬಾಯಲ್ಲಿ ಕೊಂಡೊಯ್ದು ಅಲ್ಲಿ ಇಡುವುವು. ಒರಟು ಜಲ್ಲಿಯಲ್ಲಿ ಈ ಕೆಲಸವು ಸುಲಭವಲ್ಲ. ಈಜತೊಡಗಿದ ಮರಿಗಳು ಹೆತ್ತವರ ಮೈಮೇಲಿನ ಲೋಳೆಯನ್ನು ಮೆಲ್ಲುವುದೂ ಉಂಟು.

ಇಷ್ಟಾದರೂ, ಮರಳಿಗಾಗಿ ಕಡಲತೀರಕ್ಕೆ ಹೋಗಿರೆಂದು ನಾನು ಹೇಳಲಾರೆನು. ೧೯೯೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ತೀರದ ಮರಳನ್ನು ಅಗೆಯುವುದನ್ನು ನಿಷೇಧಿಸಿತು. ೨೦೧೧ರ ಮತ್ತು ೨೦೧೯ರ ಅಧಿಸೂಚನೆಗಳೂ ಆ ನಿಷೇಧವನ್ನು ಮುಂದುವರಿಸಿದುವು. ಒಬ್ಬ ಹುಡುಗನ ಚೀಲದಿಂದ ತೀರವು ಬರಿದಾಗದು, ನಿಜ. ಆದರೆ ಆ ಮರಳಿನಲ್ಲಿಯೇ ಕಡಲಾಮೆಯು ಮೊಟ್ಟೆಯಿಡುವುದು. ಬಂದವರೆಲ್ಲರೂ ಒಂದೊಂದು ಚೀಲವನ್ನು ಕೊಂಡೊಯ್ದರೆ ಏನಾದೀತೆಂಬುದನ್ನು ಯೋಚಿಸಬೇಕು. ಅಂಗಡಿಯಲ್ಲಿ ದೊರೆಯುವ, ತೊಳೆದ ಬಿಳಿಗಲ್ಲಿನ ನುಣ್ಣನೆಯ ಮರಳೇ ಸಾಕು. ತೊರೆಯ ಮೀನಿಗೆ ಅದನ್ನು ಹಾಗೆಯೇ ಹಾಸಿರಿ. ಅಳಿವೆಯ ಮೀನಿಗೆ ಬೇಕಾದರೆ, ಕರಾವಳಿಯ ಅಡಿಗೆಮನೆಗಳಲ್ಲಿ ಬಿಸಾಡುವ ಚಿಪ್ಪುಗಳನ್ನು ಕುದಿಸಿ ತೊಳೆದು ಒಂದು ಹಿಡಿ ಬೆರಸಿರಿ.

ನಮ್ಮ ಮನೆಯಲ್ಲಿ ಈಗ ಎರಡು ತೊಟ್ಟಿಗಳಿರುವುವು. ಉಳಿದ ತೊರೆಯ ಮೀನುಗಳೆರಡೂ ಒಂದರಲ್ಲಿ ಸುಖವಾಗಿವೆ. ಇನ್ನೊಂದರಲ್ಲಿ ಹೊನ್ನಬಣ್ಣದ ಜೋಡಿಯು ಕಳೆದ ತಿಂಗಳು ಕುಳಿ ತೋಡಿತು. ಮೊಮ್ಮಗನು ಶಾಲೆಯಿಂದ ಬಂದವನು ಪುಸ್ತಕದ ಚೀಲವನ್ನು ಇಳಿಸದೆ ಅದರ ಮುಂದೆ ನಿಲ್ಲುವನು. ಅವನು ಆ ನಾಲ್ಕು ಮೀನುಗಳನ್ನು ಮರೆತಿಲ್ಲ, ನಾನೂ ಮರೆತಿಲ್ಲ. ಮೊನ್ನೆ ಕರಾವಳಿಗೆ ಹೊರಟಾಗ ಅವನು ಬರಿಯ ಚೀಲವನ್ನು ಮನೆಯಲ್ಲಿಯೇ ಬಿಟ್ಟು ಹೋದನು. ಹೇಳುವ ಕೆಲಸ ನನಗೆ ಬೀಳಲಿಲ್ಲ.