ಅಪ್ಪನಿಗೊಂದು ಹಳೇ ಲಕ್ಷುರಿ ಕಾರು: ಲೋಗೋ ಆಮೇಲೆ, ಲೆಕ್ಕ ಮೊದಲು

ಮೂವತ್ತು ವರ್ಷ ಸ್ಕೂಟರ್ ಓಡಿಸಿ ನಮ್ಮ ಫೀಸ್ ಕಟ್ಟಿದ ಅಪ್ಪ, ರಿಟೈರ್ ಆಗೋ ಟೈಮಲ್ಲಿ ‘ಒಂದು ಬೆಂಜ್ ತಗೋಬೇಕು ಕಣೋ’ ಅಂದ್ರೆ ದಯವಿಟ್ಟು ನಗಬೇಡಿ. ಆಸೆ ನ್ಯಾಯವಾದದ್ದೇ. ಆದರೆ ಗ್ರಾಚ್ಯುಟಿ ದುಡ್ಡು ಮತ್ತೆ ಮತ್ತೆ ಬರಲ್ಲ. ನಮ್ಮನೇಲೂ ಈಗ ಇದೇ ಚರ್ಚೆ: ಅಪ್ಪನಿಗೆ ಬಾನೆಟ್ ಮೇಲೆ ಸ್ಟಾರ್ ಬೇಕು, ಅಮ್ಮನಿಗೆ ಮಂಡಿನೋವು, ಲೆಕ್ಕ ನನ್ನ ತಲೆಗೆ.

ಬಿಕಾಂ ಫ್ರೆಂಡ್ಸ್, ಪೆನ್ನು ತಗೊಳ್ಳಿ. 40 ಲಕ್ಷದ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಡಬ್ಲ್ಯುಡಿವಿ ಸವಕಳಿ ಹಾಕಿ. ಹತ್ತು ವರ್ಷಕ್ಕೆ ಉಳಿಯೋದು ಸುಮಾರು 7.9 ಲಕ್ಷ. ಹೊಸ ಸ್ವಿಫ್ಟ್ ರೇಟಿಗೆ ಲಕ್ಷುರಿ! ಆದ್ರೆ ಸವಕಳಿ ಆಗಿದ್ದು ಕಾರಿನ ಬೆಲೆಗೆ, ಸ್ಪೇರ್ ಪಾರ್ಟ್ಸ್ ಬೆಲೆಗಲ್ಲ. ಹೆಡ್‌ಲೈಟ್ ಒಡೆದ್ರೂ, ಏರ್ ಸಸ್ಪೆನ್ಷನ್ ಕೂತ್ರೂ ಬರೋದು 40 ಲಕ್ಷದ ಕಾರಿನ ಬಿಲ್ಲೇ. ಆನೆ ಅಗ್ಗಕ್ಕೆ ಸಿಕ್ತು ಅಂತ ಮೇವು ಅಗ್ಗ ಆಗಲ್ಲ.

ಅದಕ್ಕೇ ನನ್ನ ಓಟು ಹಳೇ ಟೊಯೋಟಾ ಕ್ಯಾಮ್ರಿ ಹೈಬ್ರಿಡ್‌ಗೆ. 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆ ಆದ ಕಾರು. 2.5 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಇ-ಸಿವಿಟಿ ಗೇರ್‌ಬಾಕ್ಸಲ್ಲಿ ಬೆಲ್ಟ್ ಇಲ್ಲ, ಸವೆಯೋ ಕ್ಲಚ್ ಇಲ್ಲ. ಸ್ಲೋ ಮಾಡುವಾಗ ಎಲೆಕ್ಟ್ರಿಕ್ ಮೋಟಾರೂ ಬ್ರೇಕಿಗೆ ಸಹಾಯ ಮಾಡೋದ್ರಿಂದ ಪ್ಯಾಡ್ ಬೇಗ ಸವೆಯಲ್ಲ. ಕೆಡೋ ಭಾಗಗಳೇ ಕಡಿಮೆ, ಹಿಂದಿನ ಸೀಟಲ್ಲಿ ಕಾಲು ಚಾಚೋಕೆ ಜಾಗ ಜಾಸ್ತಿ.

ರಿಸ್ಕ್ ಇಲ್ವಾ? ಇದೆ. ಹೈಬ್ರಿಡ್ ಬ್ಯಾಟರಿ ಕೈಕೊಟ್ರೆ ಲಕ್ಷಗಳ ಮಾತು. ಅಡ್ವಾನ್ಸ್ ಕೊಡೋಕೆ ಮುಂಚೆ ಕಂಪನಿ ಸರ್ವಿಸ್ ಸೆಂಟರಲ್ಲಿ ಅದರ ಹೆಲ್ತ್ ಚೆಕ್ ಮಾಡಿಸಿ. ಬ್ಯಾಟರಿ ತಣ್ಣಗಿಡೋ ಗಾಳಿಕಿಂಡಿ ಹಿಂದಿನ ಸೀಟಿನ ಹತ್ತಿರ ಇರುತ್ತೆ, ಧೂಳು ಕಟ್ಟಿದೆಯಾ ನೋಡಿ. ‘ಸಿಂಗಲ್ ಓನರ್, ಡಾಕ್ಟರ್ ಕಾರು ಸರ್’ ಅನ್ನೋ ಮಾತಿಗಿಂತ ಸರ್ವಿಸ್ ಹಿಸ್ಟರಿ ನಂಬಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ಹೆಸರಿದ್ರೆ ಅದು ತೆಗೆದ ಮೇಲೇ ಪೂರ್ತಿ ದುಡ್ಡು ಕೊಡಿ.

ದಿಲ್ಲಿ ಕಾರು ಚೀಪ್ ಅಂತ ಹಾರಬೇಡಿ. ಅಲ್ಲಿ ಹಳೇ ವಾಹನಗಳ ಮೇಲಿನ ನಿರ್ಬಂಧಗಳಿಂದ ರೇಟ್ ಬಿದ್ದಿರುತ್ತೆ. ಇಲ್ಲಿಗೆ ತಂದ್ರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿ ಕೂಡಿ ನೋಡಿ.

ಟೆಸ್ಟ್ ಡ್ರೈವ್‌ಗೆ ನೀವೊಬ್ರೇ ಹೋಗಬೇಡಿ. ಸೆಡಾನ್ ಸೀಟು ತಗ್ಗು. ಅಮ್ಮ ಹಿಂದೆ ಕೂತು, ಯಾರ ಕೈಯೂ ಹಿಡೀದೆ ಎದ್ದು ಬರಲಿ. ನಿಮ್ಮ ಬೀದಿ ಹಂಪ್ ಮೇಲೆ ಐದು ಜನ ಕೂತು ದಾಟಿಸಿ. ಎರಡರಲ್ಲಿ ಒಂದು ಫೇಲ್ ಆದ್ರೂ ಆ ಕಾರು ಬೇಡ, ಎಷ್ಟೇ ಹೊಳೀತಿದ್ರೂ.

ಕೊನೇದಾಗಿ: ಕೈಯಲ್ಲಿ 15 ಲಕ್ಷ ಇದ್ರೆ 12 ಲಕ್ಷದ ಕಾರು ನೋಡಿ. ಉಳಿದ 3 ಲಕ್ಷ ಎಫ್‌ಡಿಗೆ ಹಾಕಿ, ರಿಪೇರಿಗೆ ‘ಪ್ರಾವಿಷನ್’ ಅಂತ ಬರೆದಿಡಿ. ಅಪ್ಪ ಖುಷಿಯಾಗಿ ಕಾರು ಓಡಿಸ್ಬೇಕು. ಪ್ರತಿ ವಾರ್ನಿಂಗ್ ಲೈಟಿಗೂ ಪೆನ್ಷನ್ ಪಾಸ್‌ಬುಕ್ ತೆಗೆದು ನೋಡೋ ಹಾಗಾಗಬಾರದು.

ನಿಮ್ಮ ಅಪ್ಪ-ಅಮ್ಮನ ಕನಸಿನ ಕಾರು ಯಾವುದು? ಕಾಮೆಂಟ್ ಹಾಕಿ. ಮುಂದಿನ ಭಾಗ: ಹಳೇ ಕಾರಿನ ಇನ್ಶೂರೆನ್ಸ್.

#ದುಡ್ಡಿನಮಾತು #ಬಿಕಾಂಲೆಕ್ಕ #ಅಪ್ಪನಕಾರು