ಹುರ್ರೆಮ್ ತಲೆಗೆ ಕಟ್ಟಿದ ಪಾಪ

2012ರ ನವೆಂಬರಿನಲ್ಲಿ ಟರ್ಕಿಯ ಪ್ರಧಾನಿಯಾಗಿದ್ದ ಎರ್ಡೊಗಾನ್ ಒಂದು ಧಾರಾವಾಹಿಯ ಮೇಲೆ ಹರಿಹಾಯ್ದರು. ಒಟ್ಟೋಮನ್ ಸುಲ್ತಾನ್ ಸುಲೇಮಾನ್ ಮೂವತ್ತು ವರ್ಷ ಕುದುರೆಯ ಮೇಲೆ ಕಳೆದವರು, ಅವರನ್ನು ಅಂತಃಪುರದಲ್ಲಿ ಕೂರಿಸಿದ್ದೀರಿ ಎಂಬುದು ಅವರ ತಕರಾರು. 2011ರ ಜನವರಿಯಲ್ಲಿ ‘ಭವ್ಯ ಶತಮಾನ’ ಎಂಬ ಆ ಧಾರಾವಾಹಿ ಶುರುವಾದಾಗಲೇ ಅಲ್ಲಿನ ಪ್ರಸಾರ ನಿಯಂತ್ರಣ ಮಂಡಳಿಗೆ 70,000ಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಚಕ್ರವರ್ತಿಯ ಮಾನ ಹೋಯಿತೆಂದು ಎಲ್ಲರಿಗೂ ಸಂಕಟ. ಆದರೆ ಧಾರಾವಾಹಿಯಿಂದ ನಿಜಕ್ಕೂ ಅನ್ಯಾಯವಾದದ್ದು ಅವನ ಹೆಂಡತಿ ಹುರ್ರೆಮ್‌ಗೆ.

ನಾನು ಅದನ್ನು ಅಮ್ಮನ ಜೊತೆ ಕೂತು ನೋಡಿದವಳು. 139 ಕಂತು, ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಸುಲೇಮಾನ್ ಚಿನ್ನದ ಕೆಲಸ ಕಲಿತವನು, ಇತಿಹಾಸವೂ ಹಾಗೇ ಹೇಳುತ್ತದೆ. ಸಾಮ್ರಾಜ್ಯ ಆಳುವವನು ಅಕ್ಕಸಾಲಿಗನಂತೆ ಬಗ್ಗಿ ಕೂತು ಪಚ್ಚೆಯ ಉಂಗುರ ಮಾಡುತ್ತಾನೆ. ಹಿರಿಮಗ ಮುಸ್ತಫಾನ ತಾಯಿ ಮಹಿದೇವ್ರಾನ್ ಅದು ತನಗೆಂದೇ ನಂಬಿರುತ್ತಾಳೆ. ಉಂಗುರ ಸೇರುವುದು ಮೊನ್ನೆ ಮೊನ್ನೆ ಬಂದ ಗುಲಾಮ ಹುಡುಗಿ ಹುರ್ರೆಮ್‌ಳ ಬೆರಳನ್ನು. ಅಮ್ಮ ಉಸಿರು ಬಿಗಿಹಿಡಿದು ನೋಡಿದಳು, ನಾನೂ ನೋಡಿದೆ. ಈ ಸುಖವನ್ನು ಕಸಿಯುವ ಹಕ್ಕು ಯಾವ ಪ್ರಧಾನಿಗೂ ಇಲ್ಲ.

ಆದರೆ ಕಂತು ಎಳೆಯಬೇಕಾದಾಗಲೆಲ್ಲ ಕಥೆ ವಿಷ, ಕದ್ದು ಕೇಳುವ ದಾಸಿ, ಸವತಿ ಮತ್ಸರಗಳ ಕಡೆಗೇ ಓಡುತ್ತದೆ. ಅದರ ಭಾರವೆಲ್ಲ ಹುರ್ರೆಮ್ ಮೇಲೆ. 1553ರಲ್ಲಿ ತಂದೆಯ ಡೇರೆಗೆ ಬಂದ ಮುಸ್ತಫಾನನ್ನು ಕತ್ತು ಬಿಗಿದು ಕೊಂದರು. ಆ ಕೊಲೆಯ ಕಂತು 2014ರ ಫೆಬ್ರವರಿಯಲ್ಲಿ ಪ್ರಸಾರವಾದ ಮೇಲೆ ಬುರ್ಸಾದಲ್ಲಿರುವ ಅವನ ಗೋರಿಗೆ ಜನ ಮುಗಿಬಿದ್ದರು. ನಮ್ಮ ಮನೆಯಲ್ಲೂ ಕಣ್ಣೀರು. “ಆ ಹೆಂಗಸು ಮನೆ ಮುರಿದಳು” ಅಂದಳು ಅಮ್ಮ.

ಆದರೆ ಕೊಲ್ಲಲು ಹೇಳಿದ್ದು ಸುಲೇಮಾನ್. ಪಟ್ಟಕ್ಕೇರಿದವನು ತಮ್ಮಂದಿರನ್ನು ಕೊಲ್ಲಬಹುದೆಂಬ ಕಾನೂನು ಎರಡನೆಯ ಮೆಹ್ಮದ್‌ನ ಹೆಸರಿನಲ್ಲಿ ಅದಾಗಲೇ ಇತ್ತು. ಮುಸ್ತಫಾ ಸುಲ್ತಾನನಾಗಿದ್ದರೆ ಹುರ್ರೆಮ್‌ಳ ಗಂಡುಮಕ್ಕಳ ಕತ್ತಿಗೂ ಅದೇ ಹುರಿ ಬೀಳಬಹುದಿತ್ತು. ಆ ಭಯದಲ್ಲಿ ಬದುಕಿದ ತಾಯಿಯನ್ನು ಮಾಟಗಾತಿಯಂತೆ ತೋರಿಸುವುದು ಆ ಕಾಲದ ಅರಮನೆಯ ಚಾಡಿಯನ್ನೇ ಮತ್ತೆ ಹೇಳಿದಂತೆ. ನಮ್ಮಲ್ಲೂ ದಶರಥ ಕೊಟ್ಟ ಮಾತಿನ ಹೊರೆಯನ್ನು ಇವತ್ತಿಗೂ ಕೈಕೇಯಿಯೇ ಹೊರುತ್ತಿದ್ದಾಳೆ.

ಇಸ್ತಾಂಬುಲ್‌ನಲ್ಲಿ ಹುರ್ರೆಮ್ ಕಟ್ಟಿಸಿದ ಆಸ್ಪತ್ರೆಯ ಹೆಸರು ಇಂದಿಗೂ ಉಳಿದಿದೆ. ಜೆರುಸಲೇಮ್‌ನಲ್ಲಿ ಅವಳು 1550ರ ದಶಕದಲ್ಲಿ ತೆರೆದ ಛತ್ರದಲ್ಲಿ ದಿನಕ್ಕೆರಡು ಹೊತ್ತು 400 ಬಡವರಿಗೆ ಊಟ: ಬೆಳಿಗ್ಗೆ ಅಕ್ಕಿ ಗಂಜಿ, ಸಂಜೆ ಗೋಧಿನುಚ್ಚಿನ ಗಂಜಿ, ಜೊತೆಗೆ ರೊಟ್ಟಿ. ದಾನಧರ್ಮದ ಪ್ರಸ್ತಾಪ ಧಾರಾವಾಹಿಯಲ್ಲಿ ಬಂದರೂ ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಒಲೆಗಳ ಮುಂದೆ ಒಂದೇ ಒಂದು ಕಂತು ನಿಂತಿದ್ದರೆ, ಉಂಗುರ ನೋಡಿದಷ್ಟೇ ಆಸೆಯಿಂದ ಅಮ್ಮ ಅದನ್ನೂ ನೋಡುತ್ತಿದ್ದಳು.